ಹೊಲಿಗೆಯಿಲ್ಲದ ಹೃದಯ ಕವಾಟ: ಸಮಯ ಉಳಿಯಿತು, ಮುಂದೇನು?

ಕಾಸರಗೋಡು: ಎದೆಯ ಮೂಳೆಯನ್ನು ಪೂರ್ತಿ ಸೀಳದೆ, ಸಣ್ಣ ಗಾಯದ ಮೂಲಕ ಹೃದಯದ ಕವಾಟ ಬದಲಿಸುವುದು ಈಗ ಸಾಧ್ಯ. ಆ ಕವಾಟವನ್ನು ಹೊಲಿಗೆ ಹಾಕದೆ ಕೂರಿಸುವುದೂ ಸಾಧ್ಯ. ಕೇಳಿದೊಡನೆ ರೋಗಿಗೂ ಮನೆಯವರಿಗೂ ಸಮಾಧಾನವಾಗುವ ಮಾತು ಇದು. ಆದರೆ ಫಲಿತಾಂಶದ ಲೆಕ್ಕ ಅಷ್ಟು ಸರಳವಾಗಿಲ್ಲ.

ಹೃದಯದಿಂದ ದೇಹಕ್ಕೆಲ್ಲ ರಕ್ತ ಹೊರಡುವ ಬಾಗಿಲಲ್ಲಿ ಅಯೋರ್ಟಿಕ್ ಕವಾಟವಿದೆ. ವಯಸ್ಸಾದಂತೆ ಅದರಲ್ಲಿ ಸುಣ್ಣದ ಅಂಶ ಸೇರಿ ಅದು ಗಡಸಾಗುತ್ತದೆ, ದಾರಿ ಕಿರಿದಾಗುತ್ತದೆ. ನಡೆದರೆ ಏದುಸಿರು, ಎದೆನೋವು, ತಲೆತಿರುಗಿ ಬೀಳುವುದು ಇದರ ಲಕ್ಷಣಗಳು. ಕಿರಿದಾದ ಕವಾಟವನ್ನು ಸರಿಪಡಿಸುವ ಔಷಧವಿಲ್ಲ, ಬದಲಿಸುವುದೊಂದೇ ದಾರಿ.

ಹಳೆಯ ಕ್ರಮದಲ್ಲಿ ಹೃದಯ ನಿಲ್ಲಿಸಿ, ರಕ್ತ ಸಂಚಾರವನ್ನು ಯಂತ್ರಕ್ಕೆ ವಹಿಸಿ, ಹೊಸ ಕವಾಟದ ಸುತ್ತ ಹತ್ತಾರು ಹೊಲಿಗೆ ಹಾಕಬೇಕು. ಸಣ್ಣ ಗಾಯದೊಳಗಿಂದ ಇದೇ ಕೆಲಸಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಬ್ರಿಟನ್‌ನಲ್ಲಿ 270 ರೋಗಿಗಳ ಮೇಲೆ ನಡೆದ ಮ್ಯಾವ್ರಿಕ್ ಅಧ್ಯಯನದಲ್ಲಿ ಸಣ್ಣ ಗಾಯದಿಂದ ರಕ್ತ ಕೊಡುವ ಅಗತ್ಯ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಯಂತ್ರದ ಮೇಲಿನ ಅವಧಿಯೂ ದೀರ್ಘವಾಯಿತು. ಈ ಕೊರತೆಗೆ ಉತ್ತರವಾಗಿ ಬಂದದ್ದು ಹೊಲಿಗೆಯಿಲ್ಲದ ಕವಾಟ.

ಕಲ್ಪನೆ ಹೊಸದಲ್ಲ. ಅಮೆರಿಕದಲ್ಲಿ ಮ್ಯಾಗವರ್ನ್ ಮತ್ತು ಕ್ರೋಮಿ 1962ರಲ್ಲೇ ಅಂಥ ಲೋಹದ ಕವಾಟ ತಂದಿದ್ದರು. ಇಂದಿನ ಪರ್ಸೆವಲ್ ಕವಾಟದಲ್ಲಿ ದನದ ಹೃದಯದ ಹೊರಪೊರೆಯನ್ನು ನಿಕಲ್-ಟೈಟಾನಿಯಂ ಮಿಶ್ರಲೋಹದ ಚೌಕಟ್ಟಿಗೆ ಜೋಡಿಸಲಾಗಿದೆ. ಮಡಚಿ ಒಳಗಿಟ್ಟರೆ ತಾನಾಗಿ ಅರಳಿ ಕೂರುತ್ತದೆ. ಅಮೆರಿಕದ ಎಫ್‌ಡಿಎ 2016ರಲ್ಲಿ ಇದಕ್ಕೆ ಅನುಮತಿ ನೀಡಿತು. ಅದೇ ವರ್ಷ ಅನುಮತಿ ಪಡೆದ ಇಂಟ್ಯೂಟಿ ಕವಾಟಕ್ಕೆ ಮೂರೇ ಹೊಲಿಗೆ ಸಾಕು.

ಅಂಕಿ ಅಂಶ ಏನು ಹೇಳುತ್ತದೆ?

ಪರ್ಸೆವಲ್ ಮತ್ತು ಹೊಲಿಗೆಯ ಕವಾಟಗಳನ್ನು ನೇರವಾಗಿ ಹೋಲಿಸಿದ ಪರ್ಸಿಸ್ಟ್ ಅಧ್ಯಯನ 12 ದೇಶಗಳ 47 ಆಸ್ಪತ್ರೆಗಳಲ್ಲಿ 2016ರಿಂದ 2018ರ ತನಕ 910 ರೋಗಿಗಳನ್ನು ಸೇರಿಸಿಕೊಂಡಿತು. ಹೃದಯ ನಿಲ್ಲಿಸಿದ ಅವಧಿ ಸರಾಸರಿ 65 ನಿಮಿಷದಿಂದ 48 ನಿಮಿಷಕ್ಕೆ, ಯಂತ್ರದ ಅವಧಿ 88ರಿಂದ 71 ನಿಮಿಷಕ್ಕೆ ಇಳಿಯಿತು. ಆದರೆ ಒಂದು ವರ್ಷದ ಬಳಿಕ ಸಾವು, ಹೃದಯಾಘಾತ, ಪಾರ್ಶ್ವವಾಯು, ಮರುಚಿಕಿತ್ಸೆ ಇವನ್ನು ಒಟ್ಟಾಗಿ ನೋಡಿದಾಗ ಹೊಸ ಕವಾಟ ಹಳೆಯದಕ್ಕಿಂತ ಕಡಿಮೆಯಲ್ಲ ಎಂದಷ್ಟೇ ಸಾಬೀತಾಯಿತು. ಮೇಲು ಎಂದು ಅಲ್ಲ.

ಇನ್ನೊಂದು ಕಡೆ ನಷ್ಟವೂ ಇದೆ. ಒಂದು ವರ್ಷದೊಳಗೆ ಹೊಸ ಕವಾಟ ಪಡೆದವರಲ್ಲಿ ಶೇ. 11.1 ಮಂದಿಗೆ ಪೇಸ್‌ಮೇಕರ್ ಬೇಕಾಯಿತು. ಹೊಲಿಗೆಯ ಕವಾಟದವರಲ್ಲಿ ಶೇ. 3.6 ಮಾತ್ರ. ಹೃದಯದ ಬಡಿತದ ಸೂಚನೆ ಸಾಗಿಸುವ ತಂತು ಈ ಕವಾಟದ ಬುಡದಲ್ಲೇ ಹಾದುಹೋಗುತ್ತದೆ. ಅರಳಿದ ಚೌಕಟ್ಟು ಅದನ್ನು ಒತ್ತುವುದೇ ಇದಕ್ಕೆ ಮುಖ್ಯ ಕಾರಣ. ಅಳತೆ ಮೀರಿದ ದೊಡ್ಡ ಕವಾಟ ಆರಿಸದಿದ್ದರೆ ಈ ಅಪಾಯ ತಗ್ಗುತ್ತದೆ ಎಂಬುದನ್ನು ಶಸ್ತ್ರವೈದ್ಯರು ಅನುಭವದಿಂದ ಕಂಡುಕೊಂಡಿದ್ದಾರೆ.

ಹಾಗಾದರೆ ಲಾಭ ಯಾರಿಗೆ? ಕವಾಟದ ಜೊತೆ ಬೈಪಾಸ್ ಕೂಡ ಬೇಕಾದವರಿಗೆ, ಹೃದಯ ಹೆಚ್ಚು ಹೊತ್ತು ನಿಂತರೆ ತಾಳಲಾರದ ವೃದ್ಧರಿಗೆ ಉಳಿದ ಹದಿನೇಳು ನಿಮಿಷ ದೊಡ್ಡದು. ಉಳಿದವರಿಗೆ ಅಷ್ಟೇ ಲಾಭವೆಂದು ಹೇಳುವಂತಿಲ್ಲ. ಪರ್ಸಿಸ್ಟ್ ಅಧ್ಯಯನದ ರೋಗಿಗಳ ಸರಾಸರಿ ವಯಸ್ಸು 75ರ ಆಸುಪಾಸು ಎಂಬುದನ್ನೂ ಮರೆಯಬಾರದು. ನಮ್ಮಲ್ಲಿ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟ ಯುವಕರೂ ಇದ್ದಾರೆ. ಅವರಲ್ಲಿ ಪ್ರಾಣಿಜನ್ಯ ಕವಾಟ ಬೇಗ ಸವೆಯುತ್ತದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲು ಅಳವಡಿಸಿದ ಅಗ್ಗದ ಚಿತ್ರಾ ಯಾಂತ್ರಿಕ ಕವಾಟಕ್ಕೆ ಇಂದಿಗೂ ಬೆಲೆಯಿರುವುದು ಇದೇ ಕಾರಣಕ್ಕೆ. ಆದರೆ ಅದಕ್ಕೆ ಜೀವನಪೂರ್ತಿ ರಕ್ತ ಹೆಪ್ಪುಗಟ್ಟದ ಮಾತ್ರೆ, ಆಗಾಗ ರಕ್ತಪರೀಕ್ಷೆ ಬೇಕು.

ಗಡಿಯ ಪ್ರಶ್ನೆ

ಕಾಸರಗೋಡಿನವರಿಗೆ ಈ ಕೊನೆಯ ಮಾತು ಮುಖ್ಯ. ಪೇಸ್‌ಮೇಕರ್ ಇರಲಿ, ಯಾಂತ್ರಿಕ ಕವಾಟವಿರಲಿ, ತಪಾಸಣೆ ತಪ್ಪುವುದಿಲ್ಲ. ರಾಜಧಾನಿ ತಿರುವನಂತಪುರ ಐನೂರು ಕಿ.ಮೀ.ಗೂ ಆಚೆ, ಮಂಗಳೂರು ಐವತ್ತು ಕಿ.ಮೀ. ದೂರ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಸಂಚಾರದ ವಿಷಯ ಕೇರಳ ಹೈಕೋರ್ಟ್‌ನಿಂದ ಸುಪ್ರೀಂ ಕೋರ್ಟ್ ತನಕ ಹೋಗಬೇಕಾಯಿತು.

ಆದ್ದರಿಂದ ಗಾಯ ಎಷ್ಟು ಚಿಕ್ಕದು ಎಂದು ಕೇಳಿದರೆ ಸಾಲದು. ಈ ಕವಾಟ ನನ್ನ ವಯಸ್ಸಿಗೆ ಎಷ್ಟು ವರ್ಷ ಬಾಳುತ್ತದೆ, ನಿಮ್ಮಲ್ಲಿ ಎಷ್ಟು ಮಂದಿಗೆ ಪೇಸ್‌ಮೇಕರ್ ಬೇಕಾಗಿದೆ, ಮುಂದಿನ ತಪಾಸಣೆ ಎಲ್ಲಿ ಎಂದು ಶಸ್ತ್ರಚಿಕಿತ್ಸೆಗೆ ಒಪ್ಪಿ ಸಹಿ ಹಾಕುವ ಮೊದಲೇ ವೈದ್ಯರನ್ನು ಕೇಳಬೇಕು. ಉತ್ತರ ತಿಳಿಯುವ ಭಾಷೆಯಲ್ಲಿ ಸಿಗಬೇಕು. ಅದು ರೋಗಿಯ ಹಕ್ಕು.