ಡಾಂಗಲ್ ಕೈಕೊಟ್ಟ ಪಾಠಕ್ಕೆ ಎಷ್ಟು ಅಂಕ?

ಕಳೆದ ನವೆಂಬರಿನ ಒಂದು ಸೋಮವಾರ, ಅಭ್ಯಾಸ ಬೋಧನೆಗೆಂದು ನಾವು ಹೋಗುವ ಪ್ರೌಢಶಾಲೆಯೊಂದರಲ್ಲಿ, ಒಬ್ಬ ಪ್ರಶಿಕ್ಷಣಾರ್ಥಿಯ ಪಾಠ ವೀಕ್ಷಣಾ ಹಾಳೆಯ ಮೇಲೆ ‘ಬೋಧನೋಪಕರಣಗಳ ಪೂರ್ವಸಿದ್ಧತೆ ಸಾಲದು’ ಎಂದು ಬರೆದೆ. ಆ ಅಂಶಕ್ಕಿದ್ದ ಐದು ಅಂಕಗಳಲ್ಲಿ ಒಂದನ್ನು ಕೊಟ್ಟು ಸಹಿ ಹಾಕಿದೆ. ಸಂಜೆ ನಾಲ್ಕರ ಹೊತ್ತಿಗೆ ಆ ಮಾತು ತಪ್ಪು, ಸಿದ್ಧತೆ ಸಾಲದೆ ಹೋದದ್ದು ಆಕೆಯದಲ್ಲ, ನನ್ನದು ಎಂದು ಗೊತ್ತಾಯಿತು. ಅಂಕ ತಿದ್ದಿದ್ದು ಸುಲಭದ ಕೆಲಸ. ನಮ್ಮ ವೀಕ್ಷಣಾ ಹಾಳೆಯನ್ನೇ ತಿದ್ದಬೇಕು ಎಂದು ಅಂದಿನಿಂದ ನನಗೆ ಅನಿಸುತ್ತಿದೆ. ಅದನ್ನು ಹೇಳಲು ಈ ಬರಹ.

ಪಾಠ 9ನೇ ತರಗತಿಯ ಸಮಾಜ ವಿಜ್ಞಾನದ್ದು, ಕರ್ನಾಟಕದ ಪ್ರಾಕೃತಿಕ ವಿಭಾಗಗಳು. ಇಸ್ರೋ 2009ರಲ್ಲಿ ಆರಂಭಿಸಿದ ‘ಭುವನ್’ ಜಾಲತಾಣದಲ್ಲಿ ಮಕ್ಕಳು ಹೇಳಿದ ಊರುಗಳನ್ನು ಹುಡುಕಿ, ಉಪಗ್ರಹ ಚಿತ್ರದಲ್ಲಿ ಅವರ ಕೆರೆ, ಗುಡ್ಡ ತೋರಿಸಿ, ಅಲ್ಲಿಂದ ಪಶ್ಚಿಮಕ್ಕೆ ಸರಿಯುತ್ತಾ ಘಟ್ಟ ದಾಟಿ ಕರಾವಳಿಗೆ ಇಳಿಯುವುದು ಆಕೆಯ ಯೋಜನೆ. ಲ್ಯಾಪ್‌ಟಾಪ್ ಕಾಲೇಜಿನದು, ಡಾಂಗಲ್ಲೂ ಕಾಲೇಜಿನದು. ಶುಕ್ರವಾರ ಎರಡನ್ನೂ ಜೋಡಿಸಿ ನೋಡಿಕೊಂಡಿದ್ದಳು. ‘ಪರೀಕ್ಷಿಸಲಾಗಿದೆ’ ಎಂದು ಪಾಠಯೋಜನೆಯ ಅಂಚಿನಲ್ಲಿ ಬರೆದೂ ಇದ್ದಳು. ನಾನು ಅದನ್ನು ಓದಿರಲಿಲ್ಲ.

ತರಗತಿಯಲ್ಲಿ ಡಾಂಗಲ್ ಸಿಕ್ಕಿಸಿದಾಗ ಅದರ ದೀಪ ಹತ್ತಿತು, ಸಂಪರ್ಕ ಮಾತ್ರ ಬರಲಿಲ್ಲ. ತೆಗೆದು ಇನ್ನೊಂದು ಕಿಂಡಿಗೆ ಹಾಕಿದಳು. ಆಗಲೂ ಇಲ್ಲ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾಯಿತು. ನಾಲ್ಕು ನಿಮಿಷ ನೋಡಿ ಲ್ಯಾಪ್‌ಟಾಪ್ ಮುಚ್ಚಿ, ಕರಿಹಲಗೆಯ ಮೇಲೆ ರಾಜ್ಯದ ನಕ್ಷೆ ಬರೆದು ಪಾಠ ಮುಂದುವರಿಸಿದಳು. ನಾನು ಬರೆಯುವುದನ್ನು ಬರೆದೆ.

ಊಟದ ಬಿಡುವಿನಲ್ಲಿ ಶಿಕ್ಷಕರ ಕೊಠಡಿಯಲ್ಲಿ ಒಬ್ಬೊಬ್ಬರದು ಒಂದೊಂದು ಊಹೆ. ಸಿಮ್ಮಿನಲ್ಲಿ ದುಡ್ಡು ಮುಗಿದಿದೆ ಎಂದರು ಒಬ್ಬರು, ಟವರ್ ಸಿಗುತ್ತಿಲ್ಲ ಎಂದರು ಇನ್ನೊಬ್ಬರು. ಡಾಂಗಲ್ ಸುಟ್ಟಿದೆ ಎಂಬ ಮಾತೂ ಬಂತು. ನಾನು ಹೇಳಿದ್ದು, ‘ಎಲ್ಲಾ ತೆಗೆದು ಮತ್ತೆ ಹೊಸದಾಗಿ ಇನ್‌ಸ್ಟಾಲ್ ಮಾಡಿಸಿದರಾಯ್ತು ಬಿಡು.’ ಆಕೆ ಕೇಳಿದ್ದು ಒಂದೇ ಮಾತು: ‘ಮೇಡಂ, ಈಗಲೇ ಏನೂ ತೆಗೆಯೋದು ಬೇಡ. ಎಲ್ಲಿವರೆಗೆ ಸರಿ ಇದೆ ಅಂತ ನೋಡ್ತೀನಿ, ಆಗಬಹುದಾ?’

ಆಮೇಲೆ ಆಕೆ ಮಾಡಿದ್ದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಅದರಲ್ಲೇ ಇದೆ. ಮೊದಲು ಡಾಂಗಲ್ಲಿನ ಸಿಮ್ ತೆಗೆದು ಸಹಪಾಠಿಯ ಫೋನಿಗೆ ಹಾಕಿದಳು. ಇಂಟರ್ನೆಟ್ ಬಂತು. ಅಲ್ಲಿಗೆ ಸಿಮ್, ಹಣ, ಟವರ್ ಮೂರೂ ಒಂದೇ ಏಟಿಗೆ ಸಂಶಯದಿಂದ ಹೊರಗೆ. ಸಿಮ್ಮನ್ನು ಮತ್ತೆ ಡಾಂಗಲ್ಲಿಗೆ ಹಾಕಿ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದ್ದ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದಳು. ಅಲ್ಲಿಯೂ ಬಂತು. ಡಾಂಗಲ್ ಸುಟ್ಟಿಲ್ಲ ಎಂದಾಯಿತು. ಉಳಿದದ್ದು ನಮ್ಮ ಲ್ಯಾಪ್‌ಟಾಪ್. ಅದರಲ್ಲಿ ಬೇರೆ ಪೆನ್‌ಡ್ರೈವ್ ಹಾಕಿದರೆ ಓದುತ್ತಿತ್ತು, ಕಿಂಡಿಯೂ ಸರಿ. ಕೊನೆಗೆ ಟರ್ಮಿನಲ್ ತೆರೆದು, ಸಿಕ್ಕಿಸಿದ ಉಪಕರಣಗಳ ಪಟ್ಟಿ ಕೊಡುವ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಟ್ಟಳು. ಪಟ್ಟಿಯಲ್ಲಿ ಡಾಂಗಲ್ ಇತ್ತು. ಅದರ ಗುರುತಿನ ಸಂಖ್ಯೆಯ ಕೊನೆಗೆ 1446 ಎಂದಿತ್ತು.

‘ಮೇಡಂ, ಇದು ಇನ್ನೂ ತನ್ನನ್ನ ಸಿ.ಡಿ. ಅಂತಾನೇ ಹೇಳ್ಕೊಳ್ತಾ ಇದೆ’ ಎಂದಳು. ನನಗೆ ಅರ್ಥವಾಗಲಿಲ್ಲ. ಕೂತು ಹೇಳಿಸಿಕೊಂಡೆ.

ಈ ಬಗೆಯ ಡಾಂಗಲ್‌ಗಳಿಗೆ ಎರಡು ವೇಷ. ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ಅದು ಮೋಡೆಮ್ ಆಗಿ ಎದುರು ಬರುವುದಿಲ್ಲ, ಒಳಗೊಂದು ಸಿ.ಡಿ. ಇರುವ ಡ್ರೈವ್ ಆಗಿ ಬರುತ್ತದೆ. ಆ ಸಿ.ಡಿ.ಯಲ್ಲಿ ವಿಂಡೋಸ್‌ಗೆ ಬೇಕಾದ ಡ್ರೈವರ್ ಇರುತ್ತದೆ. ಕೊಂಡವರು ಬೇರೆ ಸಿ.ಡಿ. ಹುಡುಕಿಕೊಂಡು ಹೋಗಬೇಕಾಗಿಲ್ಲ ಎಂಬುದು ತಯಾರಕರ ಲೆಕ್ಕ. ಡ್ರೈವರ್ ಅಳವಟ್ಟ ಮೇಲೆ ಕಂಪ್ಯೂಟರಿನಿಂದ ಒಂದು ಸಂಜ್ಞೆ ಹೋಗುತ್ತದೆ. ಡಾಂಗಲ್ ಮೊದಲ ವೇಷ ಕಳಚಿ ಮೋಡೆಮ್ ಆಗುತ್ತದೆ, ಅದರ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಆ ಸಂಜ್ಞೆ ಕಳಿಸುವುದು ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಸಣ್ಣ ತಂತ್ರಾಂಶದ ಕೆಲಸ. ಅದು ನಮ್ಮ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಶುಕ್ರವಾರ ಇತ್ತು.

ಏಕೆ ಇರಲಿಲ್ಲ ಎಂಬುದಕ್ಕೆ ಉತ್ತರ ಆಕೆಯ ಬಳಿಯೂ ಇತ್ತು, ಹೇಳಲು ಹಿಂಜರಿದಳು ಅಷ್ಟೆ. ‘ಮೊನ್ನೆ ಶನಿವಾರ ಸಿಸ್ಟಂ ಅಪ್‌ಗ್ರೇಡ್ ಆಗಿದೆ ಮೇಡಂ. ತಾರೀಕು ಬಿದ್ದಿದೆ.’

ಮಾಡಿದ್ದು ನಾನೇ. ಉಬುಂಟು 12.04ರಿಂದ 14.04ಕ್ಕೆ ಏರಬಹುದು ಎಂದು ಪರದೆಯ ಮೇಲೆ ಎಷ್ಟೋ ದಿನದಿಂದ ಸೂಚನೆ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಬಿಡುವಿತ್ತು. ಆಫೀಸಿನ ಬ್ರಾಡ್‌ಬ್ಯಾಂಡ್ ತಂತಿಗೆ ಜೋಡಿಸಿ ಅಪ್‌ಗ್ರೇಡ್ ಒತ್ತಿದೆ. ಕೊನೆಗೆ ‘ಬಳಕೆಯಲ್ಲಿಲ್ಲದ ಪ್ಯಾಕೇಜುಗಳನ್ನು ತೆಗೆಯಲೇ?’ ಎಂಬ ಅರ್ಥದ ಪ್ರಶ್ನೆಯೊಂದು ಬಂತು. ಪಟ್ಟಿ ಉದ್ದವಿತ್ತು, ಇಂಗ್ಲಿಷಿನಲ್ಲಿತ್ತು. ಓದದೆ ಹೌದು ಎಂದೆ. ಆಮೇಲೆ ಇಂಟರ್ನೆಟ್ ಪರೀಕ್ಷಿಸಿಯೂ ನೋಡಿದೆ, ಅದೇ ತಂತಿಯಲ್ಲಿ. ಎಲ್ಲ ಸರಿಯಿತ್ತು. ಡಾಂಗಲ್ ನನ್ನ ನೆನಪಿಗೇ ಬರಲಿಲ್ಲ.

ಪರಿಹಾರದಲ್ಲೂ ಒಂದು ತಮಾಷೆ ಇದೆ. ಹೋದ ತಂತ್ರಾಂಶವನ್ನು ಮತ್ತೆ ತರಬೇಕಾದರೆ ಇಂಟರ್ನೆಟ್ ಬೇಕು. ಇಂಟರ್ನೆಟ್ ಬರಬೇಕಾದರೆ ಆ ತಂತ್ರಾಂಶ ಬೇಕು. ಆಕೆ ಸಹಪಾಠಿಯ ಫೋನನ್ನು ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸಂಪರ್ಕದಿಂದಲೇ ಅದನ್ನು ಇಳಿಸಿಕೊಂಡಳು. ಡಾಂಗಲ್ ತೆಗೆದು ಮತ್ತೆ ಹಾಕಿದಾಗ ಪಟ್ಟಿಯಲ್ಲಿ 1446 ಹೋಗಿ 1436 ಬಂದಿತ್ತು. ಅರ್ಧ ನಿಮಿಷದಲ್ಲಿ ಭುವನ್ ತೆರೆಯಿತು.

ಫೋನಿನಿಂದಲೇ ಆಗುವುದಾದರೆ ತರಗತಿಯಲ್ಲೇ ಹಾಗೆ ಮಾಡಬಹುದಿತ್ತಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದರು. ಮಾಡಬಹುದಿತ್ತು. ಅಭ್ಯಾಸ ಬೋಧನೆಯ ವೇಳೆ ಪ್ರಶಿಕ್ಷಣಾರ್ಥಿಗಳು ಫೋನನ್ನು ತರಗತಿಗೆ ಒಯ್ಯಬಾರದು ಎಂಬ ನಿಯಮ ಮಾಡಿದವರು ನಾವೇ.

ನಮ್ಮ ಬಿ.ಎಡ್. ಪಠ್ಯದಲ್ಲಿ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬ ಭಾಗ ಇದೆ. ಪ್ರತಿ ವರ್ಷ ಕಲಿಸುತ್ತೇನೆ. ಪ್ರತಿ ವರ್ಷ ನೂರು ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುತ್ತೇನೆ. ಅವುಗಳಲ್ಲಿ ಮುಕ್ಕಾಲು ಪಾಲು ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದವು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಮಗು ಎಲ್ಲಿ ತಪ್ಪುತ್ತಿದೆ ಎಂದು ಹುಡುಕುವ ಮೊದಲು ಎಲ್ಲಿಯವರೆಗೆ ಸರಿ ಮಾಡುತ್ತಿದೆ ಎಂದು ನೋಡಬೇಕು. ಒಂದು ಪ್ರಶ್ನೆ ಒಂದೇ ಅಂಶವನ್ನು ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇವೆಲ್ಲ ನನ್ನ ಟಿಪ್ಪಣಿಯಲ್ಲಿರುವ ಮಾತುಗಳೇ. ಆ ಮಧ್ಯಾಹ್ನ ಆಕೆ ಮಾಡಿದ್ದು ಅಕ್ಷರಶಃ ಅದನ್ನೇ. ಟಿಪ್ಪಣಿ ಬರೆಸಿದ ನಾನು ಹೇಳಿದ್ದು ‘ಎಲ್ಲಾ ತೆಗೆದು ಹೊಸದಾಗಿ ಹಾಕು’ ಎಂದು.

ಇದು ಕಂಪ್ಯೂಟರಿಗಷ್ಟೇ ಸೀಮಿತವಾದ ಚಟವಲ್ಲ. ಗಣಿತದಲ್ಲಿ ಹಿಂದೆ ಬಿದ್ದ ಮಗುವಿಗೆ ನಾವು ಏನು ಮಾಡುತ್ತೇವೆ? ಮುಂದಿನ ಬೆಂಚಿಗೆ ಕೂರಿಸುತ್ತೇವೆ, ಮನೆಗೆಲಸ ಹೆಚ್ಚಿಸುತ್ತೇವೆ, ಅಪ್ಪ ಅಮ್ಮನನ್ನು ಕರೆಸುತ್ತೇವೆ, ಸಂಜೆ ವಿಶೇಷ ತರಗತಿಗೆ ಸೇರಿಸುತ್ತೇವೆ. ಎಲ್ಲವೂ ಒಂದೇ ವಾರದಲ್ಲಿ. ಮಗು ಸುಧಾರಿಸಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಸುಧಾರಿಸದಿದ್ದರೆ ತಪ್ಪು ಮಗುವಿನ ತಲೆಯ ಮೇಲೆ. ಕಳೆಯುವ ಲೆಕ್ಕದಲ್ಲಿ ದಶಕ ಕಡ ತರುವ ಒಂದೇ ಹೆಜ್ಜೆ ತಪ್ಪುತ್ತಿದ್ದ ಮಗುವಿಗೆ ಸಂಖ್ಯಾಪದ್ಧತಿಯನ್ನೇ ಮೊದಲಿನಿಂದ ಕಲಿಸಿದ್ದನ್ನು ಅದೇ ಶಾಲೆಯಲ್ಲಿ ಕಂಡಿದ್ದೇನೆ. ಅದೂ ‘ಎಲ್ಲಾ ತೆಗೆದು ಹೊಸದಾಗಿ ಹಾಕುವ’ ಕ್ರಮವೇ.

ಇನ್ನು ವೀಕ್ಷಣಾ ಹಾಳೆಯ ಮಾತು. ಬೋಧನೋಪಕರಣದ ಅಂಕಣದಲ್ಲಿ ಉಪಕರಣ ಚೆನ್ನಾಗಿ ನಡೆದರೆ ಪೂರ್ತಿ ಅಂಕ, ಕೈಕೊಟ್ಟರೆ ಕಡಿತ. ಹೀಗಿದ್ದಾಗ ಜಾಣ ಪ್ರಶಿಕ್ಷಣಾರ್ಥಿ ಏನು ಮಾಡುತ್ತಾಳೆ? ಎಂದೂ ಕೈಕೊಡದ ಉಪಕರಣವನ್ನೇ ತರುತ್ತಾಳೆ. ನಮ್ಮ ಅಭ್ಯಾಸ ಶಾಲೆಗಳ ಅಟ್ಟದ ಮೇಲಿರುವ ಥರ್ಮೋಕೋಲ್ ಜ್ವಾಲಾಮುಖಿಗಳನ್ನು ಎಣಿಸಿದರೆ ಸಾಕು. ಚಾರ್ಟಿನ ಬಗ್ಗೆ ನನಗೆ ತಕರಾರಿಲ್ಲ. ಕೈಕೊಡಬಹುದಾದದ್ದನ್ನು ಮುಟ್ಟುವ ಧೈರ್ಯಕ್ಕೆ ಅಂಕ ಕಡಿತವೇ ಬಹುಮಾನವಾದರೆ, ಸರ್ಕಾರಿ ಶಾಲೆಗಳಿಗೆ ಹೋಗಿ ಕೂತ ಕಂಪ್ಯೂಟರುಗಳು ಮುಸುಕು ಹೊದ್ದು ಮಲಗುವುದಕ್ಕೆ ನಾವೂ ಪಾಲುದಾರರು ಎಂಬುದಷ್ಟೇ ನನ್ನ ಮಾತು.

ನನ್ನ ನಿಲುವಿಗೆ ಕಾಲೇಜಿನಲ್ಲಿ ಒಪ್ಪಿಗೆ ಇಲ್ಲ. ಅಂಕ ತಿದ್ದಿದ್ದಕ್ಕೇ ಇಬ್ಬರು ಆಕ್ಷೇಪಿಸಿದರು. ‘ಪಾಠದಲ್ಲಿ ನಡೆದದ್ದಕ್ಕೆ ಅಂಕ ಮೇಡಂ, ಪಾಠದ ಆಚೆ ನಡೆದದ್ದಕ್ಕಲ್ಲ. ನಾಳೆ ಎಲ್ಲರೂ ಬಂದು ಕಾರಣ ಹೇಳ್ತಾರೆ’ ಎಂದರು. ಚಿತ್ರಗಳನ್ನು ಮೊದಲೇ ಉಳಿಸಿಕೊಂಡು ಬರಬೇಕಿತ್ತು ಎಂದವರೂ ಇದ್ದಾರೆ. ಈ ಎರಡನೆಯದು ನ್ಯಾಯವಾದ ಮಾತು, ಆಕೆಯೂ ಒಪ್ಪಿದಳು. ಮಕ್ಕಳು ಯಾವ ಊರು ಹೇಳುತ್ತಾರೋ ಆ ಊರಿಗೇ ಹೋಗಬೇಕೆಂಬುದು ಪಾಠದ ಜೀವ, ಅದನ್ನು ಉಳಿಸಿಕೊಂಡು ಬರಲಾಗುವುದಿಲ್ಲ, ನಿಜ. ಆದರೂ ನಾಲ್ಕು ಚಿತ್ರಗಳಿದ್ದರೆ ಆ ದಿನ ಕೈ ಹಿಡಿಯುತ್ತಿದ್ದವು. ಮೊದಲನೆಯ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ನಾಲ್ಕು ನಿಮಿಷಕ್ಕೆ ಲ್ಯಾಪ್‌ಟಾಪ್ ಮುಚ್ಚಿದ್ದು ಪಾಠದ ಒಳಗೇ ನಡೆದದ್ದು. ನಲವತ್ತು ನಿಮಿಷದ ಅವಧಿಯಲ್ಲಿ ಇಪ್ಪತ್ತನ್ನು ಪ್ರೊಜೆಕ್ಟರಿನ ವೈರುಗಳಲ್ಲೇ ಕಳೆದವರನ್ನು ನೋಡಿದ್ದೇನೆ. ಮಕ್ಕಳ ಹೊತ್ತನ್ನು ದೋಷ ಹುಡುಕಲು ಬಳಸಬಾರದು, ಈಗ ಬಿಡಬೇಕು ಎಂದು ತೀರ್ಮಾನಿಸುವುದೂ ಕೌಶಲವೇ. ಹಾಳೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ, ಆದ್ದರಿಂದ ನನಗೆ ಕಾಣಲೂ ಇಲ್ಲ.

‘ಬಿ.ಎಡ್. ಅಂದ್ರೆ ಕಂಪ್ಯೂಟರ್ ರಿಪೇರಿ ಕೋರ್ಸಾ?’ ಎಂಬ ಪ್ರಶ್ನೆಯೂ ಬಂತು. ಅಲ್ಲ. ಆಕೆಗೆ ಈ ವಿದ್ಯೆ ಬಂದದ್ದೂ ನಮ್ಮಿಂದಲ್ಲ, ಅಣ್ಣನ ಮೊಬೈಲ್ ಅಂಗಡಿಯಲ್ಲಿ ಕೂತು. ನನ್ನ ಕಳವಳ ಅಣ್ಣನ ಅಂಗಡಿ ಇಲ್ಲದವರದ್ದು. ಮೊದಲ ಸಲ ಲ್ಯಾಪ್‌ಟಾಪ್ ಮುಟ್ಟುವುದೇ ನಮ್ಮ ಕಾಲೇಜಿನಲ್ಲಿ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಕಂಡರೆ ತಾವೇ ಏನೋ ಕೆಡಿಸಿದೆವು ಎಂದು ಕೈ ಹಿಂದೆ ತೆಗೆಯುತ್ತಾರೆ. ನೌಕರಿ ಸಿಕ್ಕಿ ಹೋಗುವ ಊರಿನಲ್ಲಿ ಕರೆದರೆ ಬರುವ ಮೆಕ್ಯಾನಿಕ್ ಇರುವುದಿಲ್ಲ.

ಅವರಿಗಾಗಿ ಡಿಸೆಂಬರಿನಲ್ಲಿ ಒಂದು ಪ್ರಯೋಗ ಮಾಡಿದೆ. ಎರಡು ಲ್ಯಾಪ್‌ಟಾಪುಗಳಲ್ಲಿ ಬೇಕೆಂದೇ ದೋಷ ಇಟ್ಟೆವು. ಒಂದರಲ್ಲಿ ಮೋಡ್‌ಸ್ವಿಚ್ ತೆಗೆದಿತ್ತು, ಇನ್ನೊಂದರಲ್ಲಿ ಸಂಪರ್ಕದ ಎಪಿಎನ್ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆ. ನಾಲ್ವರ ಗುಂಪು, ಒಂದು ಗಂಟೆ. ಸರಿಪಡಿಸಲೇಬೇಕೆಂದಿಲ್ಲ, ಏನು ಬದಲಿಸಿದಿರಿ, ಏನು ಕಂಡಿತು, ಅದರಿಂದ ಯಾವುದು ಸಂಶಯದಿಂದ ಹೊರಗಾಯಿತು ಎಂದು ಬರೆಯಬೇಕು, ಅಷ್ಟೆ. ಮೊದಲ ಇಪ್ಪತ್ತು ನಿಮಿಷ ಎಲ್ಲರೂ ರೀಸ್ಟಾರ್ಟ್ ಮಾಡುತ್ತಲೇ ಇದ್ದರು. ಆಗ ಆ ಪ್ರಶಿಕ್ಷಣಾರ್ಥಿಯೇ ಎದ್ದು, ಕೆಲಸ ಮಾಡುತ್ತಿದ್ದ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಮೋಡೆಮ್ಮಿಗೆ ನೇರವಾಗಿ ‘ಎಟಿ’ ಎಂದು ಟೈಪು ಮಾಡಿ ತೋರಿಸಿದಳು. ಮೋಡೆಮ್ ‘ಓಕೆ’ ಎಂದು ಉತ್ತರಿಸಿತು. 1981ರ ಹೇಯ್ಸ್ ಮೋಡೆಮ್‌ನಿಂದ ಬಂದ ಆದೇಶ ಅದು. ‘ಗಮನಿಸು’ ಎಂಬ ಅರ್ಥದ ಇಂಗ್ಲಿಷ್ ಪದದ ಮೊದಲಕ್ಷರಗಳು. ಏನನ್ನೂ ಮಾಡಿಸುವುದಿಲ್ಲ, ಕೇಳಿಸುತ್ತಿದೆಯೇ ಎಂದು ತಿಳಿಯುತ್ತದೆ. ‘ಕ್ಲಾಸಲ್ಲಿ ಮೊದಲನೇ ಪ್ರಶ್ನೆ ಹಿಂಗಿರಬೇಕು ಅಲ್ವಾ ಮೇಡಂ’ ಎಂದ ಹಿಂದಿನ ಸಾಲಿನ ಹುಡುಗನೊಬ್ಬ. ಆ ಗಂಟೆಯ ಹಾಳೆಗಳನ್ನು ಓದಿದಾಗ, ದೋಷ ಹಿಡಿದದ್ದು ಎರಡೇ ಗುಂಪು. ಆದರೆ ಐದು ಗುಂಪುಗಳ ಟಿಪ್ಪಣಿ ನಮ್ಮ ನೈದಾನಿಕ ಪರೀಕ್ಷೆಯ ರೆಕಾರ್ಡುಗಳಿಗಿಂತ ಪ್ರಾಮಾಣಿಕವಾಗಿತ್ತು. ಯಾವುದೂ ನಕಲಾಗಿರಲಿಲ್ಲ.

ಎನ್‌ಸಿಟಿಇಯ 2014ರ ನಿಯಮಾವಳಿಯಂತೆ 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಶಾಲೆಯಲ್ಲಿ ಕಳೆಯುವ ಅವಧಿ ಒಟ್ಟು ಇಪ್ಪತ್ತು ವಾರಕ್ಕೆ ಏರಿತು. ಹೊಸ ವೀಕ್ಷಣಾ ಹಾಳೆ ಹೇಗೂ ಮಾಡಲೇಬೇಕು. ಆ ಸಭೆಗೆ ನಾನು ಮೂರು ಬೇಡಿಕೆ ಒಯ್ಯುತ್ತಿದ್ದೇನೆ. ಉಪಕರಣ ಕೈಕೊಟ್ಟಾಗ ಎಷ್ಟು ಬೇಗ, ಹೇಗೆ ಪಾಠವನ್ನು ಉಳಿಸಿಕೊಂಡರು ಎಂಬುದಕ್ಕೆ ಒಂದು ಅಂಕಣ. ಅದೇ ದಿನ ಬರೆದ ಅರ್ಧ ಪುಟದ ದೋಷ ಟಿಪ್ಪಣಿಗೆ, ದೋಷ ಸಿಗಲಿ ಬಿಡಲಿ, ಎರಡು ಅಂಕ. ಮೂರನೆಯದು ನಮಗೆ: ಅಭ್ಯಾಸ ಬೋಧನೆಯ ತಿಂಗಳುಗಳಲ್ಲಿ ಕಾಲೇಜಿನ ಯಾವ ಲ್ಯಾಪ್‌ಟಾಪನ್ನೂ ಉಪನ್ಯಾಸಕರು ಹೇಳದೆ ಕೇಳದೆ ಅಪ್‌ಗ್ರೇಡ್ ಮಾಡಬಾರದು.

ಆಕೆ ಆ ಪಾಠವನ್ನು ಗುರುವಾರ ಇನ್ನೊಂದು ವಿಭಾಗಕ್ಕೆ ಮಾಡಿದಳು. ಮಕ್ಕಳು ಹೇಳಿದ ಮೊದಲ ಊರು ಭುವನ್‌ನಲ್ಲಿ ತೆರೆಯಲು ಎರಡು ನಿಮಿಷ ತೆಗೆದುಕೊಂಡಿತು, ನೆಟ್ ನಿಧಾನವಿತ್ತು. ಅಷ್ಟರಲ್ಲಿ ಆಕೆ ಆ ಊರಿನವರಿಂದ ಕೆರೆಯ ಆಕಾರವನ್ನು ಹಲಗೆಯ ಮೇಲೆ ಬರೆಸುತ್ತಿದ್ದಳು.