ಊರು ಬೆಳೆದರೆ ಕೊಲೆಯೂ ಬೆಳೆಯುವುದೆ?

ಪಟ್ಟಣವಾಸವು ಮನುಷ್ಯನನ್ನು ಕೆಡಿಸುತ್ತದೆ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆ. ಊರು ದೊಡ್ಡದಾದಷ್ಟೂ ಜನರ ಪರಸ್ಪರ ಪರಿಚಯ ಕಡಮೆಯಾಗುತ್ತದೆ. ಪರಿಚಯ ಕಡಮೆಯಾದಷ್ಟೂ ದಾಕ್ಷಿಣ್ಯ ಕಡಮೆಯಾಗುತ್ತದೆ. ದಾಕ್ಷಿಣ್ಯ ಹೋದ ಕಡೆ ಕತ್ತಿ ಒರೆಯಿಂದ ಹೊರಬರುತ್ತದೆ. ಇದು ವಾದದ ಸರಣಿ. ವರ್ಷದ ಕೊನೆಯಲ್ಲಿ ಪತ್ರಿಕೆಗಳು ನಗರದ ಕೊಲೆಗಳ ಲೆಕ್ಕವನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕಿದಾಗ ಈ ನಂಬಿಕೆಗೆ ಇನ್ನಷ್ಟು ಬಲ ಬರುತ್ತದೆ. ಆದರೆ ಕೇಳಲು ಸೊಗಸಾಗಿರುವ ವಾದವನ್ನೆಲ್ಲ ಒಪ್ಪಿಬಿಡುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲ. ಲೆಕ್ಕ ಏನು ಹೇಳುತ್ತದೆಂಬುದನ್ನು ನೋಡೋಣ.

ಅಪರಾಧಗಳಲ್ಲಿ ಕೊಲೆಯನ್ನೇ ಆರಿಸಿಕೊಳ್ಳುವುದಕ್ಕೆ ಒಂದು ಕಾರಣವಿದೆ. ಜೇಬು ಕತ್ತರಿಸಿಕೊಂಡವರೆಲ್ಲ ಠಾಣೆಗೆ ಹೋಗುವುದಿಲ್ಲ. ಹೊಡೆತ ತಿಂದವರು ಮಾನಕ್ಕೆ ಅಂಜಿ ಸುಮ್ಮನಿರುವುದೂ ಉಂಟು. ಹೆಣವನ್ನು ಬಚ್ಚಿಡುವುದು ಮಾತ್ರ ಅಷ್ಟು ಸುಲಭವಲ್ಲ. ಆದುದರಿಂದ ಬೇರೆ ಯಾವ ಅಪರಾಧದ ಲೆಕ್ಕಕ್ಕಿಂತಲೂ ಕೊಲೆಯ ಲೆಕ್ಕ ಹೆಚ್ಚು ನಂಬಲರ್ಹವಾದುದು.

ಈ ಲೆಕ್ಕವನ್ನು ಹಲವು ದಶಕಗಳಿಂದ ಎಡೆಬಿಡದೆ ಇಟ್ಟುಕೊಂಡು ಬಂದಿರುವ ನಗರಗಳಲ್ಲಿ ನ್ಯೂಯಾರ್ಕ್ ಒಂದು. ಅಲ್ಲಿ 1963ರಲ್ಲಿ 548 ಕೊಲೆಗಳು ನಡೆದುವು, 1972ರಲ್ಲಿ 1,691, 1980ರಲ್ಲಿ 1,814, 1990ರಲ್ಲಿ 2,245. ಆ ನಗರದ ಇತಿಹಾಸದಲ್ಲಿ ಅದೇ ಅತಿ ಕೆಟ್ಟ ವರ್ಷ. ಈಗ ಜನಸಂಖ್ಯೆಯ ಕಡೆ ತಿರುಗೋಣ. 1970ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 79 ಲಕ್ಷ. 1980ರಲ್ಲಿ ಸುಮಾರು 71 ಲಕ್ಷ. ಹತ್ತು ವರ್ಷಗಳಲ್ಲಿ ಎಂಟು ಲಕ್ಷ ಜನ ಊರು ಬಿಟ್ಟರು; ಕೊಲೆಗಳು ಹೆಚ್ಚಿದುವು! 1990ರ ಅನಂತರ ಊರು ಇನ್ನಷ್ಟು ತುಂಬತೊಡಗಿತು. ಆ ವರ್ಷ 73 ಲಕ್ಷವಿದ್ದವರು 2000ದಲ್ಲಿ 80 ಲಕ್ಷವಾದರು, 2020ರಲ್ಲಿ 88 ಲಕ್ಷವಾದರು. ಕೊಲೆಗಳಾದರೋ ಇಳಿಯುತ್ತ ಇಳಿಯುತ್ತ 2017ರಲ್ಲಿ 292ಕ್ಕೆ ಬಂದು ನಿಂತುವು. 1990ರಲ್ಲಿ ಲಕ್ಷ ಜನರಿಗೆ 31ರಷ್ಟಿದ್ದ ಪ್ರಮಾಣ 2017ರಲ್ಲಿ ಮೂರೂವರೆಯ ಆಸುಪಾಸಿಗೆ ಇಳಿದಿತ್ತು. ಊರು ಕುಗ್ಗಿದಾಗ ಕೊಲೆ ಹಿಗ್ಗಿತು. ಊರು ಹಿಗ್ಗಿದಾಗ ಕೊಲೆ ಕುಗ್ಗಿತು. ನಮ್ಮ ವಾದದ ಸರಣಿ ಇಲ್ಲಿಗೇ ಮುರಿದುಬಿತ್ತು.

ಇದು ಒಂದು ಊರಿನ ವಿಚಿತ್ರವಷ್ಟೆ ಎನ್ನುವವರು ಯೂರೋಪಿನ ಚರಿತ್ರೆಯನ್ನು ನೋಡಬಹುದು. ಹಳೆಯ ನ್ಯಾಯಾಲಯಗಳ ಕಡತಗಳನ್ನು ಶೋಧಿಸಿದ ವಿದ್ವಾಂಸರು ಮಧ್ಯಯುಗದ ಇಂಗ್ಲೆಂಡಿನಲ್ಲಿ ಲಕ್ಷ ಜನರಿಗೆ ವರ್ಷಕ್ಕೆ ಸುಮಾರು ಇಪ್ಪತ್ತು ಕೊಲೆಗಳಾಗುತ್ತಿದ್ದುವೆಂದು ಅಂದಾಜು ಮಾಡಿದ್ದಾರೆ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದು ಒಂದರ ಸಮೀಪಕ್ಕೆ ಇಳಿದಿತ್ತು. ಇಂಗ್ಲೆಂಡು ಹಳ್ಳಿಗಳ ನಾಡಾಗಿದ್ದುದು ನಗರಗಳ ನಾಡಾದುದು ಈ ಅವಧಿಯಲ್ಲಿಯೇ.

ಹಾಗಾದರೆ ನ್ಯೂಯಾರ್ಕಿನ ಇಳಿತಕ್ಕೆ ಕಾರಣವೇನು? ಇಲ್ಲಿ ಉತ್ತರ ಹೇಳುವವರ ನೂಕುನುಗ್ಗಲೇ ಇದೆ. 1994ರಲ್ಲಿ ಅಧಿಕಾರಕ್ಕೆ ಬಂದ ಮೇಯರ್ ಜೂಲಿಯಾನಿಯೂ ಪೋಲೀಸು ಮುಖ್ಯಾಧಿಕಾರಿ ಬ್ರಾಟನ್ನರೂ ಇದರ ಕೀರ್ತಿಯ ಬಹುಭಾಗವನ್ನು ಪಡೆದರು. ಪ್ರತಿ ಠಾಣೆಯ ಅಪರಾಧಗಳನ್ನೂ ನಕ್ಷೆಯಲ್ಲಿ ಗುರುತಿಸಿ ಅಧಿಕಾರಿಗಳಿಂದ ಲೆಕ್ಕ ಕೇಳುವ ಪದ್ಧತಿಯನ್ನು ಬ್ರಾಟನ್ನರು ತಂದುದು ನಿಜ. ಆದರೆ ಇಳಿತ ಅವರಿಗಾಗಿ ಕಾದಿರಲಿಲ್ಲ. 1991ರಿಂದಲೇ ಸಂಖ್ಯೆ ಕೆಳಮುಖವಾಗಿತ್ತು. ಪೋಲೀಸರ ಸಂಖ್ಯೆಯನ್ನು ಹೆಚ್ಚಿಸುವ ಯೋಜನೆ ಹಿಂದಿನ ಮೇಯರ್ ಡಿಂಕಿನ್ಸರ ಕಾಲದ್ದು. ಎಂಬತ್ತರ ದಶಕದಲ್ಲಿ ಹಬ್ಬಿದ ‘ಕ್ರ್ಯಾಕ್’ ಎಂಬ ಕೊಕೇನು ಮಾದಕದ ಮಾರಾಟಗಾರರು ಬೀದಿಬೀದಿಯಲ್ಲಿ ಬಂದೂಕು ಹಿಡಿದು ಕಾದಾಡುತ್ತಿದ್ದರು. ಆ ಪಿಡುಗು ತಣ್ಣಗಾದುದೇ ಕಾರಣವೆಂದು ಕೆಲವರು. ಪೆಟ್ರೋಲಿಗೆ ಬೆರಸುತ್ತಿದ್ದ ಸೀಸವನ್ನು ಎಪ್ಪತ್ತರ ದಶಕದಿಂದ ಕಡಮೆ ಮಾಡಿದುದರಿಂದ, ಮಿದುಳು ಕೆಡದೆ ಬೆಳೆದ ಮಕ್ಕಳು ತೊಂಬತ್ತರ ದಶಕದಲ್ಲಿ ಯುವಕರಾದರೆಂದು ಇನ್ನು ಕೆಲವರು. ಸೀಸ ಮಕ್ಕಳ ಮಿದುಳಿಗೆ ವಿಷವೆಂಬುದರಲ್ಲಿ ಸಂದೇಹವಿಲ್ಲ. ಕೊಲೆಗಳ ಇಳಿತದಲ್ಲಿ ಅದರ ಪಾಲೆಷ್ಟೆಂಬುದು ಮಾತ್ರ ಇಂದಿಗೂ ವಿವಾದದ ವಿಷಯ.

ಇಂತಹ ಸಂದರ್ಭದಲ್ಲಿ ಮಾಡಬೇಕಾದುದು ಹೋಲಿಕೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಝಿಮ್ರಿಂಗರು ಕೆನಡಾದ ಕಡೆಗೆ ಬೆರಳು ತೋರಿಸಿದರು. ನ್ಯೂಯಾರ್ಕಿನಂತಹ ಪೋಲೀಸು ಸುಧಾರಣೆಯೊಂದೂ ಇಲ್ಲದೆ ತೊಂಬತ್ತರ ದಶಕದಲ್ಲಿ ಅಲ್ಲಿಯೂ ಕೊಲೆಗಳು ಇಳಿದಿದ್ದುವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವುದುಂಟು. ಕೀರ್ತಿಯೆಲ್ಲ ಕಾಗೆಗೆ ಸಲ್ಲತಕ್ಕದ್ದಲ್ಲ. ಆದರೂ ನ್ಯೂಯಾರ್ಕಿನ ಇಳಿತ ಉಳಿದ ಕಡೆಗಳಿಗಿಂತ ಆಳವಾಗಿಯೂ ದೀರ್ಘವಾಗಿಯೂ ಇತ್ತು. ಆ ಹೆಚ್ಚಿನ ಭಾಗದಲ್ಲಿ ಪೋಲೀಸರಿಗೂ ಪಾಲಿದೆಯೆಂದು ಝಿಮ್ರಿಂಗರೇ ಒಪ್ಪುತ್ತಾರೆ.

ಇನ್ನೊಂದು ಪ್ರಯೋಗ ತಾನಾಗಿಯೇ ನಡೆಯಿತು. ದಾರಿಹೋಕರನ್ನು ಸಂದೇಹದ ಮೇಲೆ ತಡೆದು ಮೈ ತಡವಿ ಶೋಧಿಸುವ ಕ್ರಮವನ್ನು ಆ ನಗರದ ಪೋಲೀಸರು ಬಲವಾಗಿ ಅನುಸರಿಸುತ್ತಿದ್ದರು. 2011ರಲ್ಲಿ ಹೀಗೆ 6,85,724 ಸಲ ತಡೆದುದುಂಟು. ತಡೆಸಿಕೊಂಡವರಲ್ಲಿ ಬಹುಮಂದಿ ಕಪ್ಪು ಜನ ಮತ್ತು ಲ್ಯಾಟಿನ್ ಅಮೆರಿಕ ಮೂಲದವರು. ಇದನ್ನು ನಡೆಸುತ್ತಿದ್ದ ರೀತಿ ಸಂವಿಧಾನಕ್ಕೆ ವಿರುದ್ಧವೆಂದು 2013ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಇನ್ನು ರಕ್ತದ ಹೊಳೆ ಹರಿಯುವುದೆಂದು ಎಚ್ಚರಿಸಿದವರು ಕಡಮೆಯಿರಲಿಲ್ಲ. 2017ರಲ್ಲಿ ಹೀಗೆ ತಡೆದುದು ಸುಮಾರು ಹನ್ನೊಂದೂವರೆ ಸಾವಿರ ಸಲ ಮಾತ್ರ. ಕೊಲೆಗಳು 292ಕ್ಕೆ ಇಳಿದುದು ಅದೇ ವರ್ಷ. ಲಕ್ಷಾಂತರ ನಿರಪರಾಧಿಗಳ ಮರ್ಯಾದೆಯನ್ನು ತೆತ್ತು ಕೊಂಡ ಔಷಧ ಆ ರೋಗಕ್ಕೆ ಬೇಕೇ ಇರಲಿಲ್ಲವೆಂದು ನನ್ನ ಅಭಿಪ್ರಾಯ.

ಹಾಗೆಂದು ಇಳಿದುದು ಮತ್ತೆ ಏರುವುದಿಲ್ಲವೆಂದು ತಿಳಿಯಬಾರದು. 2019ರಲ್ಲಿ 319 ಇದ್ದುದು ಮಹಾಮಾರಿಯ ವರ್ಷವಾದ 2020ರಲ್ಲಿ 468 ಆಯಿತು. ಇದು ನಿಜವಾದ ಏರಿಕೆಯೋ ಆಕಸ್ಮಿಕವೋ? ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸರಳವಾದ ಅಳತೆಗೋಲಿದೆ. ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ವಿರಳ ಘಟನೆಗಳ ಸಂಖ್ಯೆ, ಕಾರಣವೇನೂ ಬದಲಾಗದಿದ್ದರೂ, ತನ್ನ ವರ್ಗಮೂಲದಷ್ಟು ಅತ್ತಿತ್ತ ತೂಗಾಡುತ್ತದೆ. 300ರ ವರ್ಗಮೂಲ ಸುಮಾರು 17. ಎರಡು ವರ್ಷಗಳ ನಡುವಣ ವ್ಯತ್ಯಾಸಕ್ಕೆ ಸುಮಾರು 25ರಷ್ಟು ಸಡಿಲ ಬಿಡಬೇಕಾಗುತ್ತದೆ. 2017ರ 292, 2018ರಲ್ಲಿ 295 ಆದುದು ಏನೂ ಅಲ್ಲ. ಆದರೆ 149ರ ಜಿಗಿತ ಈ ಸಡಿಲದ ಆರರಷ್ಟು, ಅದನ್ನು ಆಕಸ್ಮಿಕವೆನ್ನುವಂತಿಲ್ಲ. ಮುಂದೆ 2021ರಲ್ಲಿ 488ಕ್ಕೆ ಏರಿ ಅಲ್ಲಿಂದ ಮತ್ತೆ ಇಳಿಯತೊಡಗಿತು. ನಾಲ್ಕು ಕೊಲೆಗಳಿಂದ ಎಂಟು ಕೊಲೆಗಳಿಗೆ ಹೋದ ಸಣ್ಣ ಊರಿನಲ್ಲಿ ‘ಕೊಲೆಗಳು ಇಮ್ಮಡಿಸಿದುವು’ ಎಂದು ಬರೆಯುವ ಪತ್ರಿಕೆ ಸುಳ್ಳು ಹೇಳಿದಂತಾಗುವುದಿಲ್ಲ. ಆದರೆ ಓದುಗನಿಗೆ ಏನನ್ನೂ ತಿಳಿಸಿದಂತೆಯೂ ಆಗುವುದಿಲ್ಲ.

ಎಣಿಸುವ ವಸ್ತುವಿನ ಲಕ್ಷಣವನ್ನೂ ಮರೆಯಬಾರದು. 2001ರಲ್ಲಿ ನ್ಯೂಯಾರ್ಕಿನ ಲೆಕ್ಕ 649. ಸೆಪ್ಟೆಂಬರ್ 11ರಂದು ಅಲ್ಲಿನ ಗೋಪುರಗಳಲ್ಲಿ ಸತ್ತ 2,753 ಜನ ಅದರಲ್ಲಿ ಸೇರಿಲ್ಲ. ಕೊಲೆಯ ಲೆಕ್ಕದಲ್ಲಿ ವೈದ್ಯರ ಕೈವಾಡವೂ ಅಡಗಿದೆ. ಇರಿತಕ್ಕೊಳಗಾದವನು ಬೇಗನೆ ಆಸ್ಪತ್ರೆ ಸೇರಿ ಬದುಕಿದರೆ ಅದು ಹಲ್ಲೆ; ದಾರಿಯಲ್ಲಿ ಸತ್ತರೆ ಕೊಲೆ. ಇರಿದ ಕೈಯೂ ಅದೇ, ಕತ್ತಿಯೂ ಅದೇ!

ಇನ್ನು ನಮ್ಮ ಮನೆಯ ವಿಚಾರ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಪ್ರಕಟಿಸುವ ವರದಿಗಳಲ್ಲಿ ಬೆಂಗಳೂರೇ ಮೊದಲಾದ ಮಹಾನಗರಗಳ ಅಪರಾಧ ಪ್ರಮಾಣವನ್ನೂ ಕೊಟ್ಟಿರುತ್ತದೆ. ಆದರೆ 2022ರ ವರದಿಯಲ್ಲಿಯೂ ಈ ನಗರಗಳ ಪ್ರಮಾಣವನ್ನು ತೆಗೆದಿರುವುದು 2011ರ ಜನಗಣತಿಯ ಸಂಖ್ಯೆಯಿಂದ. ಬೆಂಗಳೂರಿಗೆ ಅದು 85 ಲಕ್ಷ. 2021ರ ಜನಗಣತಿ ನಡೆಯಲೇ ಇಲ್ಲ. ಅಂಶ ಈ ವರ್ಷದ್ದು, ಛೇದ ಹತ್ತು ವರ್ಷ ಹಿಂದಿನದು! ವರ್ಷಕ್ಕೆ 170 ಕೊಲೆಗಳಾದುವೆಂದು ಊಹಿಸಿಕೊಳ್ಳಿ. 85 ಲಕ್ಷದಿಂದ ಭಾಗಿಸಿದರೆ ಲಕ್ಷಕ್ಕೆ 2. ನಗರದ ಜನ ಒಂದು ಕೋಟಿ ಇಪ್ಪತ್ತು ಲಕ್ಷವಿದ್ದರೆ 1.4. ಈ ರೀತಿಯ ಲೆಕ್ಕದಲ್ಲಿ ವೇಗವಾಗಿ ಬೆಳೆಯುವ ಊರೆಲ್ಲ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಎಪ್ಪತ್ತರ ದಶಕದ ನ್ಯೂಯಾರ್ಕಿನಂತೆ ಜನ ಬಿಟ್ಟುಹೋಗುತ್ತಿರುವ ಊರು ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಪೋಲೀಸರನ್ನು ಎಷ್ಟು ಮಂದಿ ನೇಮಿಸಬೇಕು, ಯಾವ ಅಧಿಕಾರಿಯನ್ನು ಹೊಗಳಬೇಕು, ಯಾರನ್ನು ವರ್ಗಾಯಿಸಬೇಕು ಎಂಬ ಚರ್ಚೆಗಳಲ್ಲಿ ಇಂತಹ ಪ್ರಮಾಣಗಳನ್ನು ಮುಂದಿಡುವುದುಂಟು. ಜನಗಣತಿ ನಡೆಯುವ ತನಕ ಅಂದಾಜಿನ ಜನಸಂಖ್ಯೆಯನ್ನಾದರೂ ಬಳಸಿ, ಅದು ಅಂದಾಜೆಂದು ಕೋಷ್ಟಕದ ಕೆಳಗೆ ಒಂದು ಸಾಲು ಬರೆಯುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.