ಅರಸನ ಪೀಠದಲ್ಲಿ ಪದಾತಿ

ಪ್ಯಾರಿಸ್ ಬಳಿಯ ಸೇಂಟ್ ಡೆನಿ ಇಗರ್ಜಿಯಲ್ಲಿ ಒಂದನೆಯ ಫ್ರಾನ್ಸಿಸ್ ದೊರೆಯ ಅಮೃತಶಿಲೆಯ ಸಮಾಧಿಯಿದೆ. ಮೇಲೆ ಪ್ರಾರ್ಥನೆಗೆ ಮಂಡಿಯೂರಿದ ಅರಸ. ಕೆಳಗೆ ಅವನದೇ ಬೆತ್ತಲೆ ಶವದ ಪ್ರತಿಮೆ. ಪೀಠದಲ್ಲಿ ಶಿಲ್ಪಿ ಪಿಯೆರ್ ಬೋಂತಾಂ ಕಡೆದ, 1515ರ ಮರಿನ್ಯಾನೊ ಕದನದ ಉಬ್ಬುಶಿಲ್ಪ.

ಕಣ್ಣು ಮೊದಲು ಹೋಗುವುದು ಮೇಲಕ್ಕೆ. ಅಲ್ಲಿಯೇ ನಿಂತರೆ ಅದು ಅರ್ಧ ಓದು. ಬಿಡಿ ಪ್ರತಿಮೆಯಲ್ಲಿ ಅರಸ ಅರಸನಷ್ಟೇ; ಉಬ್ಬುಶಿಲ್ಪದಲ್ಲಾದರೋ ಅವನು ಹೆಸರಿಲ್ಲದ ಪದಾತಿಗಳ ಸಂದಣಿಯ ನಡುವೆ ಇದ್ದಾನೆ. ಶಿಲ್ಪಿಯ ಉದ್ದೇಶ ಸ್ತುತಿಯೇ ಇರಬಹುದು. ಆದರೆ ಆ ಕೀರ್ತಿಗೆ ಬೆಲೆ ತೆತ್ತವರನ್ನೂ ಕಲ್ಲು ತೋರಿಸಿಬಿಡುತ್ತದೆ.

1793ರಲ್ಲಿ ಕ್ರಾಂತಿಕಾರಿಗಳು ಇಲ್ಲಿನ ಅರಸರ ಅಸ್ಥಿಗಳನ್ನು ಹೊರತೆಗೆದು ಗುಂಡಿಗೆ ಸುರಿದರು. ಅಲೆಕ್ಸಾಂದ್ರ್ ಲೆನ್ವಾರ್ ಶಿಲ್ಪಗಳನ್ನು ಉಳಿಸಿದನು. ಉಳಿಸಿದ್ದೇ ಸರಿ. ಪ್ರಭುತ್ವದ ಮೇಲೆ ಸಿಟ್ಟಿರಲಿ. ಅದರ ಕಲ್ಲನ್ನು ಒಡೆದರೆ ಅಳಿಯುವವನು ಪದಾತಿಯೂ ಹೌದು.